ಕಾಲಿನ ಮೇಲಿನ ಬರಹ

ಹುಲಿಗೆಮ್ಮನ ಎಡಗಾಲ ಮೇಲೆ
ಮೊದಲ ಬರಹ ಆಶಾ ಸಾಬಮ್ಮನದು: ‘೪.೧೦’.
ನೀಲಿ ಬಾಲ್‌ಪೆನ್ನು, ಕೆಸರೊಣಗಿದ ಚರ್ಮ,
ಕೊನೆಯ ಸೊನ್ನೆ ಅರ್ಧಕ್ಕೇ ನಿಂತಿದೆ.
ನಾಟಿ ಹಚ್ಚುವಾಗ, ಕ್ಯಾಂಪಿನ ಗದ್ದೆಯ ಬದುವಿನಲ್ಲಿ,
ಕೊಳಕುಮಂಡಲ ಕಚ್ಚಿದ ಹೊತ್ತು.

ಎರಡನೆಯದು ಆಂಬುಲೆನ್ಸಿನ ತಾಯಪ್ಪನದು,
ಸಿಂಧನೂರಿನ ದಾರಿಯ ಗುಂಡಿಗಳನ್ನೆಲ್ಲ
ತನ್ನೊಳಗೆ ಇಟ್ಟುಕೊಂಡ ಒಂದು ಸೊಟ್ಟ ಗೆರೆ,
ಬಾವು ಏರಿದ್ದು ಇಲ್ಲಿಗೆ ಎಂದು.

ಮೂರನೆಯದು ಸಿಸ್ಟರ್ ಎಸ್ತೇರಮ್ಮನದು.
ಪಟ್ಟಿ ಹಿಡಿದಷ್ಟು ನೇರ, ಪಕ್ಕದಲ್ಲಿ ಗಂಟೆ, ನಿಮಿಷ.

ನಾನು ಡ್ಯೂಟಿ ಡಾಕ್ಟರು. ಬಂದು ಹನ್ನೊಂದು ದಿನ.
ನನ್ನ ಪೆನ್ನು ಇನ್ನೂ ಜೇಬಿನಲ್ಲೇ ಇತ್ತು.

ಗಾಜಿನ ನಳಿಕೆಗೆ ಎರಡು ಎಂ.ಎಲ್. ರಕ್ತ,
ಇಪ್ಪತ್ತು ನಿಮಿಷ ಮುಟ್ಟದೆ ಇಡಬೇಕು.
ಹೆಪ್ಪುಗಟ್ಟದಿದ್ದರೆ ವಿಷ ನೆತ್ತರಿಗೆ ಇಳಿದಿದೆ.
ಪರೀಕ್ಷೆಯಲ್ಲಿ ಬರೆದಿದ್ದೆ, ಪೂರ್ತಿ ಅಂಕ ಬಂದಿತ್ತು.
ಏಳನೇ ನಿಮಿಷಕ್ಕೆ ತಡೆಯಲಾರದೆ
ನಳಿಕೆ ಎತ್ತಿ ಅಲುಗಿಸಿ ನೋಡಿದೆ.

“ಇಡ್ರಿ ಮೇಡಂ ಅದನ್ನ.”
ಬಾಗಿಲಲ್ಲಿ ಲ್ಯಾಬಿನ ಖಾಜಾಹುಸೇನ್.
“ಹಾಲಿಗೆ ಹೆಪ್ಪು ಹಾಕಿ ಗಳಿಗಿಗೊಮ್ಮೆ ಅಲ್ಲಾಡಿಸಿದ್ರ
ಮೊಸರಾಗ್ತದೇನ್ರಿ?”

ಕಿವಿ ಬಿಸಿಯಾದವು. ಅಷ್ಟು ಜನರೆದುರು,
ಹುಲಿಗೆಮ್ಮನ ಮೈದುನ, ಅವನ ಹಿಂದೆ ಅರ್ಧ ಕ್ಯಾಂಪು.
ಗದರಲು ಬಾಯಿ ತೆರೆದೆ.
ಎಸ್ತೇರಮ್ಮ ಆಗಲೇ ಹೊಸ ನಳಿಕೆ ಹಿಡಿದು ನಿಂತಿದ್ದಳು:
“ಇನ್ನೊಮ್ಮೆ ತೆಗೆಯೋಣ್ರಿ.”
ತೆಗೆಯೋಣ. ಆ ಬಹುವಚನದಲ್ಲಿ
ನನ್ನ ತಪ್ಪಿನ ಅರ್ಧ ಅವಳು ಹೊತ್ತಳು,
ಮುಖ ಕೂಡ ನೋಡದೆ.

ಹಳೆಯ ನಳಿಕೆಯನ್ನು ಆಯಾ ಮಾರ್ತಮ್ಮ ಡಬ್ಬಿಗೆ ಎಸೆದಳು.
ತೊಳೆದಿಡುವುದಿಲ್ಲವಂತೆ,
ಸೋಪಿನ ಕಣ ಅಂಟಿದ್ದರೆ ರಕ್ತ ಸುಳ್ಳು ಹೇಳುತ್ತದೆ.
ಅವಳಿಗೆ ಖಾಜಾ ಎಂದೋ ಹೇಳಿಕೊಟ್ಟದ್ದು,
ನನಗೆ ಅವಳು ಆ ಸಂಜೆ.

ಇಪ್ಪತ್ತು ನಿಮಿಷ ಬಲು ಉದ್ದ.
ಗೋಡೆಯ ಗಡಿಯಾರ ನಿಂತು ವರ್ಷವಾಗಿತ್ತು,
ತಾಯಪ್ಪನ ಕೈಗಡಿಯಾರಕ್ಕೆ ನಾವೆಲ್ಲ ಬಾಗಿದ್ದೆವು.
ಖಾಜಾ ನಳಿಕೆಯನ್ನು ಒಂದೇ ಸಲ ಓರೆ ಮಾಡಿದ.
ನೀರಿನ ಹಾಗೆ ಹರಿಯಿತು.

ಆಗ ಎಲ್ಲರೂ ನನ್ನತ್ತ ನೋಡಿದರು.
ಅದೊಂದು ಮಾತು ನಾನೇ ಆಡಬೇಕಿತ್ತು.
“ಹತ್ತು ಸೀಸೆ” ಎಂದೆ.
ದನಿ ನಡುಗಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ,
ಅಥವಾ ಕೇಳಿಸಿಕೊಂಡೂ ಬಿಟ್ಟರು.

ಔಷಧಿ ಕೋಣೆಯ ವಿರುಪಣ್ಣ ಬನಿಯನ್ನಿನಲ್ಲೇ ಓಡಿ ಬಂದು
ಫ್ರಿಜ್ಜಿನ ಬೀಗ ತೆಗೆದ.
ಸೀಸೆಯೊಳಗೆ ಬಿಳಿ ಪುಡಿ, ಅದಕ್ಕೆ ನೀರು.
“ಕುಲುಕಿದ್ರ ನೊರಿ ಬರ್ತದ. ಅಂಗೈಯಾಗ ಹೊರಳಸ್ರಿ.”
ಬೆಂಚಿನ ಮೇಲೆ ಸಾಲಾಗಿ ಕೂತೆವು,
ಖಾಜಾ, ತಾಯಪ್ಪ, ವಿರುಪಣ್ಣ, ನಾನು.
ಎರಡು ಅಂಗೈಗಳ ನಡುವೆ ಒಂದೊಂದು ಸೀಸೆ,
ಚಳಿ ಕಾಯಿಸಿಕೊಳ್ಳುವವರ ಹಾಗೆ.
ಯಾರ ಕೈ ಯಾವ ಓದು ಓದಿತ್ತೆಂದು
ಪುಡಿ ಕೇಳಲಿಲ್ಲ, ಕರಗಿತು.

ನಡುರಾತ್ರಿಯ ನಳಿಕೆಯೂ ಹರಿಯಿತು.
ಸೀಸೆಗಳು ಮುಗಿದಿದ್ದವು.
ಪಾಳಿ ಮುಗಿದಿದ್ದ ತಾಯಪ್ಪ
ತನ್ನ ಬೈಕಿನಲ್ಲಿ ಮಸ್ಕಿಗೆ ಹೋಗಿ ಬಂದ,
ಐಸಿನ ಡಬ್ಬಿಯನ್ನು ಹಸುಗೂಸಿನಂತೆ ಎದೆಗೆ ಕಟ್ಟಿಕೊಂಡು.

ಬೆಳಗಿನ ನಳಿಕೆಯನ್ನು
ಖಾಜಾ ನನ್ನ ಕೈಗೇ ಕೊಟ್ಟ.
ಓರೆ ಮಾಡಿದೆ. ಅಲುಗಲಿಲ್ಲ.
ನೇರಳೆ ಹಣ್ಣಿನಷ್ಟು ಕಪ್ಪು, ಗಟ್ಟಿ.

“ನನ್ನ ಕಾಲ್ಮ್ಯಾಲ ಏನ್ ಬರದೀರವ್ವಾ?
ನನಗ ಓದಾಕ ಬರಂಗಿಲ್ಲ.”
ಕೆಳಗಿನಿಂದ ಮೇಲಕ್ಕೆ ಓದಿ ಹೇಳಿದೆ,
ಸಾಬಮ್ಮನ ಅರ್ಧ ಸೊನ್ನೆ, ತಾಯಪ್ಪನ ಗುಂಡಿ ರಸ್ತೆ,
ಎಸ್ತೇರಮ್ಮನ ಗಂಟೆಗಳು.
ಮಂಡಿಯ ಕೆಳಗೆ ಎರಡು ಗೆರೆ, ಒಂದರ ಮೇಲೇ ಒಂದು.
ಮೂರು ಗಂಟೆಯದು ಎಸ್ತೇರಮ್ಮನದು,
ಐದರದು ನನ್ನದು.
ಅಲ್ಲಿಂದಾಚೆ ಖಾಲಿ.

ಮಾರ್ತಮ್ಮ ಒದ್ದೆ ಬಟ್ಟೆ ತಂದಳು.
“ಒರಸ್ಲೇನ್ರಿ?”
“ತಡಿ,” ಎಂದೆ,
“ಮೊದಲು ಸಾಬಮ್ಮ ಬಂದು ನೋಡಲಿ.”